ಎಂಗ್ರಾಸಿಯಾಳ ಸಹಿ

ಬಾಚಣಿಗೆ ಎರಡನೆಯ ಸಲವೂ ಅದೇ ಜಾಗದಲ್ಲಿ ಸಿಕ್ಕಿಕೊಂಡಾಗ ರೆಮೆ ತಾಯಿಯ ಕೂದಲು ಬಗೆದು ನೋಡಿದಳು. ಎಡಗಿವಿಯ ಹಿಂದಿನಿಂದ ಹೊರಟ ಹೊಲಿಗೆ ನೆತ್ತಿಯನ್ನು ಹಾದು ಬಲಗಿವಿಯ ಹಿಂದಕ್ಕೆ ಇಳಿದಿತ್ತು. ಗೋಣಿಚೀಲದ ಬಾಯಿ ಹೊಲಿದ ಹಾಗೆ, ದಪ್ಪ ದಾರದ ಉದ್ದುದ್ದ ಹೊಲಿಗೆ.

ಶವಾಗಾರದವರು ಕೂದಲು ಇಳಿಬಿಟ್ಟು ಕಿವಿ ಮುಚ್ಚಿ ಕಳಿಸಿದ್ದರು. ಎಂಗ್ರಾಸಿಯಾ ತನ್ನ ಎಂಬತ್ತೊಂದು ವರ್ಷಗಳಲ್ಲಿ ಒಂದು ದಿನವೂ ತುರುಬಿಲ್ಲದೆ ಚರ್ಚಿಗೆ ಕಾಲಿಟ್ಟವಳಲ್ಲ. ಹೋಗುವಾಗಲೂ ತುರುಬು ಕಟ್ಟಿಯೇ ಕಳಿಸೋಣ ಎಂದು ರೆಮೆ ಶವಪೆಟ್ಟಿಗೆಯ ತಲೆದೆಸೆಗೆ ಬಂದಿದ್ದಳು. ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

"ಸಿಸಿ, ಬಾ ಇಲ್ಲಿ."

ಮೆಲ್ಲಗೆ ಕರೆದಿದ್ದಳು. ಆದರೂ ಚರ್ಚಿನಲ್ಲಿದ್ದವರೆಲ್ಲ ತಿರುಗಿದರು. ಸಿಸಿಲಿಯಾ ರೆಮೆಯ ಚಿಕ್ಕಪ್ಪನ ಮಗಳು, ಪಕ್ಕದೂರಿನ ಸಂಶೋಧನಾ ಕೇಂದ್ರದಲ್ಲಿ ನರ್ಸು.

"ಇದೇನೇ ಇದು?"

"ಅಕ್ಕಾ, ಇಲ್ಲಿ ಬೇಡ. ಆಮೇಲೆ ಹೇಳ್ತೀನಿ."

"ಆಮೇಲೆ ಅಂದ್ರೆ? ಮಣ್ಣು ಹಾಕಿದ್ಮೇಲಾ?"

"ದೊಡ್ಡಮ್ಮಾನೇ ಒಪ್ಪಿದ್ರು ಅಕ್ಕಾ. ಸತ್ಮೇಲೆ ಮೆದುಳು ಕೇಂದ್ರಕ್ಕೆ ಅಂತ ಸೈನ್ ಹಾಕಿದ್ರು."

"ಯಾವಾಗ?"

ಸಿಸಿ ನೆಲ ನೋಡಿದಳು. "ಎರಡು ವರ್ಷ ಆಯ್ತು. ನೀನು ಕೆಲ್ಸಕ್ಕೆ ಹೋಗಿದ್ದೆ."

ರೆಮೆಗೆ ಕೆಟ್ಟ ನಗು ಬಂತು. ಎರಡು ವರ್ಷದ ಹಿಂದೆ ಅವಳ ತಾಯಿಗೆ ಕನ್ನಡಿಯಲ್ಲಿ ಕಾಣುವ ಮುದುಕಿ ಯಾರೆಂದು ಗೊತ್ತಿರಲಿಲ್ಲ.

ನಮ್ಮ ಉಮಾಟಕ್‌ಗೆ ಈ ಕಾಯಿಲೆ ಹೊಸದಲ್ಲ. ಗುವಾಮ್ ದ್ವೀಪದ ಈ ದಕ್ಷಿಣದ ಮೂಲೆಯಲ್ಲಿ ಕೆಲವರ ಕೈಕಾಲು ಒಣಗುತ್ತವೆ, ಕೆಲವರ ನೆನಪು ಒಣಗುತ್ತದೆ. ನೆನಪು ಒಣಗುವುದನ್ನು ನಾವು ಬೋಡಿಗ್ ಎನ್ನುತ್ತೇವೆ. ಅಮೆರಿಕದಿಂದ ಒಬ್ಬರ ಹಿಂದೊಬ್ಬರು ಡಾಕ್ಟರು ಬಂದರು. ನಮ್ಮ ಬಾವಿಯ ನೀರು ಒಯ್ದರು, ಹಿತ್ತಿಲ ಮಣ್ಣು ಒಯ್ದರು, ರಕ್ತ ಒಯ್ದರು, ಅಡುಗೆಮನೆಯ ಹಿಟ್ಟನ್ನೂ ಬಿಡಲಿಲ್ಲ. ಮದ್ದು ಮಾತ್ರ ಯಾರೂ ತರಲಿಲ್ಲ. ಈಗ ಸಿಸಿಯ ಕೇಂದ್ರದಲ್ಲಿರುವ ಡಾಕ್ಟರ್ ವಿಟ್ಕಂಬ್ ಬಂದು ಹನ್ನೊಂದು ವರ್ಷ. ಒಳ್ಳೆಯ ಮನುಷ್ಯ ಎಂದೇ ಹೆಸರು. ಊರಿನ ಒಂದು ಸಾವಿನ ಮನೆಯನ್ನೂ ತಪ್ಪಿಸಿದವರಲ್ಲ. ಅವತ್ತೂ ಹೂವಿನ ಚಕ್ರ ತಂದಿಟ್ಟು ಮೂರನೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿದ್ದರು.

*

ಎಂಗ್ರಾಸಿಯಾ ಊರಿನ ತೇಚಾ ಆಗಿದ್ದವಳು, ಎಂದರೆ ಸತ್ತವರ ಮನೆಯಲ್ಲಿ ಒಂಬತ್ತು ದಿನ ಜಪಮಾಲೆಯ ಪ್ರಾರ್ಥನೆ ಹೇಳಿಸುವವಳು. ಪುಸ್ತಕ ಮುಟ್ಟಿದವಳಲ್ಲ, ಎಲ್ಲವೂ ಬಾಯಿಪಾಠ. ಹಿಂದೆ ಕೂತು ಪಿಸುಗುಟ್ಟುವ ಹೆಂಗಸರನ್ನು ಪ್ರಾರ್ಥನೆ ನಿಲ್ಲಿಸದೆ ಕಣ್ಣಲ್ಲೇ ಸುಡುತ್ತಿದ್ದಳು. ಮುಗಿದ ಮೇಲೆ ಊಟಕ್ಕೆ ಕೂತು, ಕೆಂಪನ್ನಕ್ಕೆ ಬಣ್ಣ ಸಾಲದು ಎಂದು ಸತ್ತವರ ಮನೆಯವರಿಗೇ ಹೇಳುವಷ್ಟು ಬಾಯಿ ಅವಳದು. ಮೂವತ್ತು ವರ್ಷ ಮಕ್ಕಳಿಗೆ ಧರ್ಮಪಾಠ ಹೇಳಿ, ವಾರವಾರವೂ ಒಬ್ಬೊಬ್ಬರ ಹಾಜರಿ ಕಾರ್ಡಿಗೂ ಸಹಿ ಹಾಕಿದಳು. ಬಿಡುವಿದ್ದಾಗ ಕೇದಗೆ ಗರಿಯ ಚಾಪೆ ಹೆಣೆದಳು. ಅವಳ ಬದುಕು ಅಷ್ಟೇ, ಅಷ್ಟು ತುಂಬಿತ್ತು.

ಮೊದಲು ಅನ್ನಕ್ಕೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಹೆಸರುಗಳು ಹೋದವು. ಕೊನೆಗೆ ಮಗಳೂ ಹೋದಳು.

ರೆಮೆ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದು, ನಮ್ಮ ಪದ್ಧತಿಯಂತೆ ಬಗ್ಗಿ ತಾಯಿಯ ಕೈಗೆ ಮೂಗು ತಾಗಿಸುತ್ತಿದ್ದಳು. "ದೇವ್ರು ಕಾಪಾಡ್ಲಿ" ಎಂದು ಬಾಯಿ ತಾನಾಗಿಯೇ ಹರಸುತ್ತಿತ್ತು. ಹಿಂದೆಯೇ ಪ್ರಶ್ನೆ.

"ನೀನು ಯಾರ ಮಗಳಮ್ಮಾ?"

"ಎಂಗ್ರಾಸಿಯಾ ಮಗಳು."

"ಓ, ಅವ್ಳಾ! ಭಾರೀ ಬಾಯಿ. ಆದ್ರೂ ಮನ್ಸು ಒಳ್ಳೇದು."

ದಿನವೂ ಇದೇ. ಕೆಲವು ದಿನ ರೆಮೆ ನಗುತ್ತಿದ್ದಳು. ಕೆಲವು ದಿನ ಹಿತ್ತಿಲಿಗೆ ಹೋಗಿ ಅಳುತ್ತಿದ್ದಳು.

ಡಾಕ್ಟರ್ ವಿಟ್ಕಂಬ್ ಪರೀಕ್ಷೆಗೆ ಬಂದಾಗ ಚಮಚ, ಚಪ್ಪಲಿ, ಹಕ್ಕಿ ಮೂರನ್ನೂ ಚಿತ್ರದಲ್ಲಿ ತೋರಿಸಿದರು. ಐದು ನಿಮಿಷ ಬಿಟ್ಟು ಏನೇನು ನೋಡಿದಿರಿ ಎಂದು ಕೇಳಿದರು. ಎಂಗ್ರಾಸಿಯಾಗೆ ಚಿತ್ರ ಹಾಗಿರಲಿ, ಡಾಕ್ಟರೇ ಹೊಸಬರಾಗಿದ್ದರು. ಆದರೆ ರೆಮೆ ಜಪಮಾಲೆ ಕೈಗಿಟ್ಟ ಕೂಡಲೇ ಅದೇ ಬಾಯಿ ಮೊದಲಿನಿಂದ ಕೊನೆಯವರೆಗೆ ಒಂದು ಮಾತು ತಪ್ಪದೆ ಹೇಳಿ ಮುಗಿಸಿತು.

ಡಾಕ್ಟರು ಬೆರಗಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ವಿವರಿಸಿದರು.

"ನೋಡಿ ರೆಮೆ, ನೆನಪೆಲ್ಲ ಒಂದೇ ಡಬ್ಬೀಲಿ ಇರಲ್ಲ. ಬೆಳಿಗ್ಗೆ ಏನು ತಿಂದೆ, ಎದುರಿಗಿರೋರು ಯಾರು, ಅದನ್ನೆಲ್ಲ ಹಿಡಿದಿಡೋ ಭಾಗ ಇಲ್ಲಿದೆ, ಕಿವಿಯಿಂದ ಒಳಗಡೆ. ಕಿರುಬೆರಳಿನಷ್ಟು. ನಿಮ್ಮಮ್ಮಂಗೆ ಅದು ಒಣಗಿಹೋಗಿದೆ. ಸಾವಿರ ಸಲ ಮಾಡಿದ ಕೆಲಸ ಕೂತಿರೋದು ಬೇರೆ ಕಡೆ. ಬಾಯಿಗೆ ಪ್ರಾರ್ಥನೆ ಗೊತ್ತು, ಕೈಗೆ ಹೆಣಿಗೆ ಗೊತ್ತು. ಅವರಿಗೆ ಗೊತ್ತಿಲ್ಲ."

ರೆಮೆಗೆ ಈ ಮಾತು ಸಮಾಧಾನ ಕೊಟ್ಟಿತ್ತು. ಒಂದು ವಾರ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

*

"ಕಾಗದ ಎಲ್ಲಿ?" ರೆಮೆ ಕೇಳಿದಳು.

ಡಾಕ್ಟರು ಬೆಂಚಿನಿಂದ ಎದ್ದು ಬಂದರು. "ರೆಮೆ, ನಿಮ್ಮ ದುಃಖ ನನಗೆ ಅರ್ಥ ಆಗತ್ತೆ."

"ದುಃಖ ಅಲ್ಲ ಡಾಕ್ಟ್ರೇ, ಇದು ಸಿಟ್ಟು. ಇಷ್ಟು ತಲೆ ಕುಯ್ದಿದ್ದೀರಿ, ಎರಡಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ವಾ?"

ಕಾಗದ ಕಾರಿನಿಂದ ಬಂತು. ಅಡಿಯಲ್ಲಿ ಎಂಗ್ರಾಸಿಯಾಳ ಸಹಿ ದುಂಡಗೆ, ಬಾಲ ಸಮೇತ, ಧರ್ಮಪಾಠದ ಕಾರ್ಡಿನಲ್ಲಿ ಇರುತ್ತಿದ್ದ ಹಾಗೆಯೇ ಇತ್ತು.

"ನೋಡಕ್ಕಾ, ಒಂದಕ್ಷರ ನಡುಗಿಲ್ಲ" ಎಂದಳು ಸಿಸಿ. "ಬಲವಂತ ಮಾಡಿದ್ರೆ ಹೀಗ್ ಬರ್ತಿತ್ತಾ?"

"ಯಾಕೆ ನಡುಗತ್ತೆ? ಮೂವತ್ತು ವರ್ಷ ಹಾಕಿದ್ ಸೈನು." ರೆಮೆ ಡಾಕ್ಟರ ಕಡೆ ತಿರುಗಿದಳು. "ಕೈಗೆ ಗೊತ್ತು, ಅವರಿಗೆ ಗೊತ್ತಿಲ್ಲ ಅಂತ ನನ್ ಮನೇಲಿ ಕೂತು ಪಾಠ ಹೇಳಿದ್ರಲ್ಲ! ನನ್ ಕಾಫಿ ಕುಡ್ಕೊಂಡು! ಆಮೇಲೆ ನಾನಿಲ್ದಾಗ ಬಂದು ಆ ಕೈಗೆ ಪೆನ್ ಕೊಟ್ರಾ? ಗೊತ್ತಿಲ್ದೋರು ಮಾಡಿದ್ರೆ ಏನೋ ತಪ್ಪಾಯ್ತು ಅಂತಿದ್ದೆ. ಇಡೀ ದ್ವೀಪದಲ್ಲಿ ಇದು ಗೊತ್ತಿದ್ದೋರು ನೀವೊಬ್ರೇ."

ಡಾಕ್ಟರ ಮುಖ ಕೆಂಪಾಯಿತು. ಕಾನೂನಿನ ಪ್ರಕಾರ ಎಂದು ಏನೋ ಶುರುಮಾಡಿದರು.

ಹಿಂದಿನಿಂದ ಮುದುಕ ಟುನ್ ಇನಾಸ್ಯೋ ಗಟ್ಟಿಯಾಗಿ ಹೇಳಿದ: "ನಾನು ಇನ್ನೂ ವಿಮಾನ ಹತ್ತಿಲ್ಲಪ್ಪಾ. ನನ್ ತಮ್ಮನ ಮೆದುಳು ಮಾತ್ರ ಸಾಗರ ದಾಟಿ ಅಮೆರಿಕಾದಲ್ಲಿ ಕೂತಿದೆ. ಬದುಕಿದ್ದಾಗ ಅವ್ನು ಪಕ್ಕದೂರಿಗೂ ಹೋದೋನಲ್ಲ."

ಯಾರೋ ನಕ್ಕರು. ನಗು ಅಲ್ಲಿಗೇ ಸತ್ತಿತು.

"ವಾಪಸ್ ತನ್ನಿ," ರೆಮೆ ಹೇಳಿದಳು. "ಅಲ್ಲೀವರ್ಗೂ ಈ ಮುಚ್ಚಳ ಮುಚ್ಚಲ್ಲ. ಅಮ್ಮನ್ನ ಅರ್ಧಂಬರ್ಧ ಹೂಳೋಳಲ್ಲ ನಾನು."

ಪಾದ್ರಿಗಳು ಗಡಿಯಾರ ನೋಡಿ, ರೆಮೆಯ ಮುಖ ನೋಡಿ, ಸುಮ್ಮನೆ ಹೋಗಿ ಕೂತರು.

ಡಾಕ್ಟರು ದನಿ ತಗ್ಗಿಸಿದರು. "ಇದು ಮನೆತನದಲ್ಲಿ ಬರೋ ಕಾಯಿಲೆ ಇರಬಹುದು. ಯಾವ ನೆನಪು ಎಲ್ಲಿ ಸತ್ತಿತು ಅಂತ ಆ ಮೆದುಳಲ್ಲಿ ನೋಡಬಹುದು. ನಾಳೆ ನಿಮಗೇ ಬಂದರೆ, ರೆಮೆ?"

ರೆಮೆಗೆ ಐವತ್ತೆಂಟು. ಹೋದ ತಿಂಗಳು ಒಲೆ ಆರಿಸಲು ಮರೆತಿದ್ದಳು. ಅಂದಿನಿಂದ ಆ ಭಯ ಅವಳ ಜೊತೆಗೇ ಮಲಗಿ ಏಳುತ್ತಿತ್ತು.

"ಬಂದ್ರೆ ನನ್ನ ಕೇಳಿ," ಎಂದಳು. "ನಾನು ಯಾರು ಅಂತ ನನಗೆ ಗೊತ್ತಿರೋವಾಗ್ಲೇ ಬಂದು ಕೇಳಿ. ಕೊಡ್ತೀನೋ ಬಿಡ್ತೀನೋ, ನಾನು ಹೇಳ್ತೀನಿ. ಅಮ್ಮನ್ನೂ ಹಾಗೇ ಕೇಳಿದ್ರೆ ಕೊಡ್ತಿದ್ಲು ಕಣ್ರೀ. ಊರಿಗೆಲ್ಲ ಬಡಿಸಿದ ಕೈ ಅದು. ನೀವು ಕೇಳ್ಲಿಲ್ಲ."

ಡಾಕ್ಟರು ಕಾರಿನ ಬೀಗದ ಕೈಯನ್ನು ಸಿಸಿಗೆ ಕೊಟ್ಟು ಕೇಂದ್ರಕ್ಕೆ ಕಳಿಸಿದರು.

ಹೆಂಗಸರು ಜಪಮಾಲೆ ಶುರುಮಾಡಿದರು. ತೇಚಾ ಪೆಟ್ಟಿಗೆಯಲ್ಲಿ ಮಲಗಿದ್ದಳು. ಅವಳ ಹತ್ತಿರ ಕಲಿತವರು ಒಬ್ಬರಾದ ಮೇಲೊಬ್ಬರು ಹೇಳಿಸಿದರು. ಮಧ್ಯೆ ತಪ್ಪಿದಾಗ ಅಭ್ಯಾಸಬಲದಿಂದ ಪೆಟ್ಟಿಗೆಯ ಕಡೆ ಅಂಜಿ ನೋಡಿದರು. ಪ್ರಾರ್ಥನೆ ಎರಡು ಸುತ್ತು ಮುಗಿದು ಮೂರನೆಯದು ಅರ್ಧವಾಗಿದ್ದಾಗ ಕಾರು ಬಂತು.

ಸಿಸಿ ತಂದದ್ದು ಮುಚ್ಚಳ ಬಿಗಿದ ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಹಾಲು ಕರೆಯುವ ಪಾತ್ರೆಯಷ್ಟು. ಮೇಲೆ ಅಂಟಿಸಿದ ಚೀಟಿಯಲ್ಲಿ ೨೧೪ ಎಂದಿತ್ತು. ಹೆಸರಿರಲಿಲ್ಲ. ಎರಡೂ ತೋಳಿನಲ್ಲಿ ಅಪ್ಪಿ ಹಿಡಿದು ತರುತ್ತಾ ಅವಳು ಅಳುತ್ತಿದ್ದಳು. "ಬೈ ಅಕ್ಕಾ, ಹೊಡಿ ಬೇಕಾದ್ರೆ" ಎಂದಳು. ರೆಮೆ ಬೈಯಲಿಲ್ಲ. ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ದಿಂಬನ್ನು ಸ್ವಲ್ಪ ಸರಿಸಿ ಬಕೆಟ್ಟನ್ನು ತಾಯಿಯ ತಲೆಯ ಪಕ್ಕ ಇಟ್ಟಳು. ಆಮೇಲೆ ನಿಧಾನವಾಗಿ ತುರುಬು ಕಟ್ಟಿದಳು.

ಮುಚ್ಚಳ ಎತ್ತಲು ಗಂಡಸರು ಮುಂದೆ ಬಂದಾಗ ಡಾಕ್ಟರು ಹತ್ತಿರ ಬಂದರು. ಅವರ ಕೈಯಲ್ಲಿ ಇನ್ನೊಂದು ಕಾಗದವಿತ್ತು.

"ಕ್ಷಮಿಸಿ ರೆಮೆ. ವಾಪಸ್ ಪಡೆದಿದ್ದಕ್ಕೆ ಒಂದು ಸಹಿ ಬೇಕು. ಕೇಂದ್ರದ ನಿಯಮ."

ರೆಮೆ ಅವರ ಶಾಯಿ ಪೆನ್ನು ತೆಗೆದುಕೊಂಡಳು. ಕ್ಯಾಪು ಬಿಚ್ಚಿದಳು. ಬಗ್ಗಿ, ಜಪಮಾಲೆ ಸುತ್ತಿದ್ದ ತಾಯಿಯ ಬಿಗಿದ ಬೆರಳುಗಳ ನಡುವೆ ಅದನ್ನು ತುರುಕಿದಳು. ಕಾಗದವನ್ನು ಆ ಕೈಯಡಿಗೆ ಸರಿಸಿದಳು.

"ಹಾಕಿಸ್ಕೊಳ್ಳಿ ಡಾಕ್ಟ್ರೇ," ಎಂದಳು. "ಗೊತ್ತಲ್ಲ ಈ ಕೈಗೆ."

ಪೆನ್ನಿನ ಮೊನೆ ತಾಗಿದ್ದ ಕಡೆ ಕಾಗದದ ಮೇಲೆ ನೀಲಿ ಚುಕ್ಕೆಯೊಂದು ಮೆಲ್ಲಗೆ ಅಗಲವಾಗುತ್ತಿತ್ತು.