ಈ ಸಲ ನಾನು ಸಾಯುವುದಿಲ್ಲ

ನನ್ನ ಸೊಸೆ ವರ್ಷಕ್ಕೊಂದು ಕಾದಂಬರಿ ಬರೆಯುತ್ತಾಳೆ. ಪ್ರತಿ ಕಾದಂಬರಿಯಲ್ಲೂ ಒಬ್ಬಳು ಅತ್ತೆ ಇರುತ್ತಾಳೆ. ಅರ್ಧ ಪುಸ್ತಕ ದಾಟುವುದರೊಳಗೆ ಆ ಅತ್ತೆ ಸಾಯುತ್ತಾಳೆ. ಒಂದರಲ್ಲಿ ಮೆಟ್ಟಿಲಿಂದ ಜಾರಿದೆ. ಒಂದರಲ್ಲಿ ಮಧ್ಯಾಹ್ನ ಮಲಗಿದವಳು ಏಳಲೇ ಇಲ್ಲ. ಇನ್ನೊಂದರಲ್ಲಿ ಬಿಸ್ಕತ್ತು ಗಂಟಲಿಗೆ ಸಿಕ್ಕಿಕೊಂಡು ಹೋದೆ. ಅದನ್ನು ಓದಿದ ಮೇಲೆ ಚಹಾದಲ್ಲಿ ಅದ್ದದೆ ನಾನು ಬಿಸ್ಕತ್ತು ಬಾಯಿಗಿಟ್ಟಿಲ್ಲ.

"ಅದು ನೀವಲ್ಲ ಅತ್ತೆ, ಪಾತ್ರ," ಅನ್ನುತ್ತಾಳೆ ಸೊಸೆ.

ಆ ಪಾತ್ರ ನನ್ನ ಹಾಗೆಯೇ ಎಡಗಾಲು ಎಳೆಯುತ್ತದೆ. ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತದೆ. ಊಟಕ್ಕೆ ಕೂತವರ ತಟ್ಟೆಗೆ ಇಣುಕುತ್ತದೆ. ಅಲ್ಲಿಯವರೆಗೆ ನಾನು, ಸಾಯುವಾಗ ಮಾತ್ರ ಪಾತ್ರ.

ನಾನು ಅಕ್ಷರ ಕಲಿತದ್ದು ತಡವಾಗಿ. ದರ್ಜಿ ಅಂಗಡಿಯಲ್ಲಿ ಹಗಲೆಲ್ಲ ಅಂಗಿ ಗುಂಡಿಗಳಿಗೆ ಕಾಜಾ ಹೊಲಿದು ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದೆ. "ಅಜ್ಜಿ, ಓದೋಕೆ ಬಂದ್ರೆ ಮೊದಲು ಏನು ಓದ್ತೀರಿ?" ಎಂದು ಮೇಡಂ ಕೇಳಿದ್ದರು. "ನನ್ನ ಸೊಸೆ ನನ್ನ ಬಗ್ಗೆ ಏನು ಬರ್ದಿದಾಳೆ ಅಂತ," ಎಂದೆ. ತರಗತಿಯೆಲ್ಲ ನಕ್ಕಿತು. ಓದು ಬಂದ ಮೇಲೆ ನಾನೊಬ್ಬಳು ನಗಲಿಲ್ಲ.

ಸಾಯುವುದಕ್ಕೆ ನನ್ನದೇನೂ ತಕರಾರಿಲ್ಲ. ಈ ವಯಸ್ಸಿನಲ್ಲಿ ತಕರಾರು ಮಾಡಿದರೆ ಕೇಳುವವರು ಯಾರು? ನನ್ನನ್ನು ಚುಚ್ಚಿದ್ದು ಸತ್ತ ಮೇಲಿನ ಅಧ್ಯಾಯ. ಮುದುಕಿ ಹೋದ ಮಾರನೆಯ ಬೆಳಿಗ್ಗೆಯೇ ಯಾರಾದರೊಬ್ಬರು ಅವಳ ಕೋಣೆಯ ಕಿಟಕಿ ತೆರೆಯುತ್ತಾರೆ. ಬೆಳಕು ಒಳಗೆ ನುಗ್ಗುತ್ತದೆ. ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಲು ಶುರು ಮಾಡುತ್ತಾರೆ. ಎಲ್ಲ ಪುಸ್ತಕದಲ್ಲೂ ಇದೇ. ನನ್ನ ಕೋಣೆಯ ಕಿಟಕಿ ದಿನವಿಡೀ ತೆರೆದೇ ಇರುತ್ತದೆ, ಬೇಕಾದವರು ಬಂದು ನೋಡಬಹುದು. ನಾನು ಹೋಗದೆ ಈ ಮನೆಗೆ ಬೆಳಕು ಬರುವುದಿಲ್ಲ ಎಂದು ವರ್ಷ ವರ್ಷ ಅಚ್ಚು ಹಾಕಿಸಿ ಹಂಚಿದರೆ ಹೇಗಿರುತ್ತದೆ ಹೇಳಿ. ಅದಕ್ಕೇ ಹೋದ ಚಳಿಗಾಲದಲ್ಲಿ ಒಂದು ತೀರ್ಮಾನಕ್ಕೆ ಬಂದೆ. ಈ ಸಲ ಏನಾದರಾಗಲಿ, ಕೊನೆಯ ಪುಟದವರೆಗೆ ಬದುಕಿರಬೇಕು.

ಕಾದಂಬರಿಗೂ ಒಂದು ಬೆಳೆಯ ಲೆಕ್ಕವಿದೆ. ಚಳಿಗಾಲದಲ್ಲಿ ಸೊಸೆ ಏನೂ ಬರೆಯುವುದಿಲ್ಲ. ಒಲೆಯ ಮುಂದೆ ನಿಂತು ಗೋಡೆ ನೋಡುತ್ತಾಳೆ. ಹಾಲು ಉಕ್ಕಿ ಹರಿದು ಅವಳ ಕಾಲ ಬಳಿಗೆ ಬಂದರೂ ನೋಡುತ್ತಲೇ ಇರುತ್ತಾಳೆ.

"ಏನು ಮಾಡ್ತಿದೀಯೇ?"

"ಕೆಲಸ ಮಾಡ್ತಿದೀನಿ ಅತ್ತೆ."

ಚಳಿ ಇಳಿಯುವ ಹೊತ್ತಿಗೆ ಮನೆಯ ಪರದೆಗಳನ್ನೆಲ್ಲ ಕಿತ್ತು ಒಗೆಯುತ್ತಾಳೆ. ಡಬ್ಬಿಗಳ ತಳ ಉಜ್ಜುತ್ತಾಳೆ. ಕೇಳದವರಿಗೂ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಾಳೆ. ಬರೆಯುವುದನ್ನು ತಪ್ಪಿಸಿಕೊಳ್ಳಲು ಇನ್ನು ಯಾವ ಕೆಲಸವೂ ಉಳಿಯದಿದ್ದಾಗ ಕಾದಂಬರಿ ಶುರುವಾಗುತ್ತದೆ. ಬಿಸಿಲು ಕಾಲವೆಲ್ಲ ಕಂಪ್ಯೂಟರಿನ ಟಕಟಕ. ಮಳೆ ಹಿಡಿಯುವಾಗ ಕಥೆ ಎಲ್ಲೋ ಸಿಕ್ಕಿಕೊಳ್ಳುತ್ತದೆ, ನಾನು ಸಾಯುತ್ತೇನೆ. ಮಳೆ ಬಿಟ್ಟ ಮೇಲೆ ಪ್ರೂಫು, ಆಮೇಲೆ ಬಿಡುಗಡೆ. ಅಲ್ಲಿ ಪುಸ್ತಕ ಓದದ ಮೂವರು ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಮತ್ತೆ ಗೋಡೆ.

ಬರೆದದ್ದನ್ನು ಅವಳು ಭಾನುವಾರ ಊಟಕ್ಕೆ ಮುಂಚೆ ನಮಗೆ ಓದಿ ಹೇಳುವುದು, ನಾನು ಓದು ಕಲಿತ ಮೇಲೆ ಈ ಮನೆಗೆ ಬಂದ ಪದ್ಧತಿ. ನಾನೂ ನನ್ನ ಮಗನೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೇಳಬೇಕು, ಬಾಯಿ ಬಿಡಬಾರದು. ಮಗ ಲಿಫ್ಟ್ ರಿಪೇರಿ ಮಾಡುವವನು. ಕೇಳುತ್ತಾ ಕೇಳುತ್ತಾ ನಿದ್ದೆ ಹೋಗುತ್ತಾನೆ, ಆದರೂ ಅವನ ಕೈಯ ಚಾಕು ನಿಲ್ಲುವುದಿಲ್ಲ.

ಒಮ್ಮೆ ನಾನು ನೇರವಾಗಿ ಕೇಳಿದ್ದೆ. "ಯಾಕೇ ನನ್ನನ್ನೇ ಕೊಲ್ತೀಯ?"

"ಸಾವಾದ್ರೆ ಎಲ್ಲರೂ ಒಂದು ಕಡೆ ಸೇರ್ತಾರೆ ಅತ್ತೆ. ಅಳ್ತಾರೆ, ಜಗಳ ಆಡ್ತಾರೆ. ನಿಂತ ಕಥೆ ಹೊರಡುತ್ತೆ."

ಮಗ ಕಣ್ಣು ಬಿಟ್ಟ. "ಲಿಫ್ಟಿಗೆ ಆ ಕಡೆ ಒಂದು ಭಾರ ಕಟ್ಟಿರ್ತೀವಲ್ಲ, ಅದು ನೀನು ಅಮ್ಮ. ನೀನು ಕೆಳಗೆ ಹೋದ್ರೆ ನಾವು ಮೇಲೆ."

"ಹೆತ್ತ ಹೊಟ್ಟೆ ತಣ್ಣಗಾಯ್ತು ಕಣಪ್ಪ," ಎಂದೆ.

ಈ ವರ್ಷ ಪರದೆ ಒಗೆಯುವುದು ಕಂಡ ಕೂಡಲೇ ನಾನು ಒಳ್ಳೆಯವಳಾದೆ. ಇಷ್ಟು ಒಳ್ಳೆಯವಳನ್ನು ಕೊಲ್ಲಲು ಯಾರಿಗಾದರೂ ಕೈ ಬರುತ್ತದೆಯೇ ಎಂಬುದು ನನ್ನ ಲೆಕ್ಕ. ಸಾರು ಸೀದಿದ್ದರೂ ಎರಡನೇ ಸಲ ಹಾಕಿಸಿಕೊಂಡೆ. ಯಾರ ತಟ್ಟೆಗೂ ಇಣುಕಲಿಲ್ಲ. ಸೊಸೆ ಬೆಳಗಿನ ತಿಂಡಿಯನ್ನು ಮಧ್ಯಾಹ್ನ ಕೊಟ್ಟರೆ "ಹಸಿವು ಚೆನ್ನಾಗಿ ಆಯ್ತು ಮಗಳೇ" ಎಂದೆ. ಕಾಜಾ ಹೊಲಿದವಳಿಗೆ ತಾಳ್ಮೆ ಕಲಿಸಿಕೊಡಬೇಕಾಗಿಲ್ಲ. ಆದರೂ ನಾಲಿಗೆ ಕಚ್ಚಿ ಕಚ್ಚಿ ಹುಣ್ಣಾಯಿತು.

ಕಾದಂಬರಿಯ ಅತ್ತೆಯೂ ಕುರ್ಚಿಯಲ್ಲಿ ಕೂತು ನಗತೊಡಗಿದಳು. ಮುಂದಿನ ಭಾನುವಾರವೂ ಕೂತು ನಕ್ಕಳು. ಅದರ ಮುಂದಿನ ಭಾನುವಾರ ನಗುವಾಗ ಸಣ್ಣಗೆ ಕೆಮ್ಮಿದಳು. ನನ್ನ ಕೈಯ ಆಲೂಗಡ್ಡೆ ನೆಲಕ್ಕೆ ಬಿತ್ತು. ಮನೆಯಲ್ಲಿ ಜನ ಸುಮ್ಮಸುಮ್ಮನೆ ಕೆಮ್ಮಬಹುದು. ಕಾದಂಬರಿಯಲ್ಲಿ ಯಾರೂ ಸುಮ್ಮನೆ ಕೆಮ್ಮುವುದಿಲ್ಲ.

ಮಳೆ ಶುರುವಾದ ವಾರ ಪ್ರಕಾಶಕರು ಮನೆಗೆ ಬಂದರು. ಯಾರು ಏನು ಬರೆದುಕೊಟ್ಟರೂ ಅರ್ಧ ತೆಗೆಸುವ ಮನುಷ್ಯ. ನಮ್ಮ ಮನೆಯಲ್ಲಿ ಅವರಿಗೆ ಕತ್ತರಿ ಎಂದೇ ಹೆಸರು. ನಾನು ಚಹಾ ತರುವಾಗ ಅವರು ಹಾಳೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಿದ್ದರು.

"ಈ ಅತ್ತೆ ಯಾಕ್ರೀ? ಬರೀ ನಗ್ತಾ ಕೂತಿದಾಳೆ. ಸೋಫಾ ಮೇಲಿನ ದಿಂಬಿನ ಹಾಗೆ. ಹತ್ತನೇ ಅಧ್ಯಾಯದಲ್ಲಿ ಕಳಿಸಿಬಿಡಿ." ಆಮೇಲೆ ನನ್ನನ್ನು ನೋಡಿದರು. "ಓ, ಅತ್ತೆಯವರಾ? ನಮಸ್ಕಾರಮ್ಮ. ಚೆನ್ನಾಗಿದೀರಾ?"

"ಹತ್ತನೇ ಅಧ್ಯಾಯದ ತನಕ ಚೆನ್ನಾಗಿರ್ತೀನಪ್ಪ," ಎಂದು ಚಹಾ ಕೊಟ್ಟೆ.

ಅವರು ಹೋದ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ಒಳ್ಳೆಯವಳಿಂದ ಕಥೆಗೆ ಏನೂ ಆಗಬೇಕಾಗಿಲ್ಲ. ನಾನಾಗಿಯೇ ಹೋಗಿ ಕತ್ತರಿಗೆ ಕತ್ತು ಒಡ್ಡಿದ್ದೆ. ಮಾರನೆಯ ಬೆಳಿಗ್ಗೆ ಲೋಟ ಮೂಗಿನ ಹತ್ತಿರ ಹಿಡಿದು ಕೇಳಿದೆ, "ಇದು ಚಹಾನಾ, ಲೋಟ ತೊಳೆದ ನೀರಾ?"

ಕಥೆ ಸಿಕ್ಕಿಕೊಂಡು ಮತ್ತೆ ಗೋಡೆ ನೋಡುತ್ತಿದ್ದ ಸೊಸೆ ನನ್ನ ಕಡೆ ತಿರುಗಿದಳು. ಎಷ್ಟೋ ತಿಂಗಳ ಮೇಲೆ ಅವಳ ಕಣ್ಣಲ್ಲಿ ಜೀವ ಕಂಡಿತು.

ಆ ವಾರವೆಲ್ಲ ಕಾಲು ಕೆರೆದು ಜಗಳ ತೆಗೆದೆ. ಆದರೆ ಕಾದಂಬರಿಯ ಅತ್ತೆಯ ಕೆಮ್ಮು ನಿಂತಿರಲಿಲ್ಲ. ಭಾನುವಾರದ ಓದಿನಲ್ಲಿ ಸೊಸೆ ಅವಳಿಗೆ ಡಾಕ್ಟರನ್ನು ಕರೆಸಿದ್ದಳು. ಹತ್ತನೇ ಅಧ್ಯಾಯ ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ಒಂದು ದಿನ ಸೊಸೆ ಸ್ನಾನಕ್ಕೆ ಹೋಗಿದ್ದಾಗ ಪತ್ರಿಕೆಯವರ ಫೋನ್ ಬಂತು. ಮುಂದಿನ ಕಾದಂಬರಿಯ ಬಗ್ಗೆ ಎರಡು ಮಾತು ಬೇಕಂತೆ.

"ಅವಳ ಪರವಾಗಿ ನಾನೇ ಹೇಳ್ತೀನಿ ಬರ್ಕೊಳ್ಳಪ್ಪ," ಎಂದೆ. "ಈ ಸಲ ಅತ್ತೆ ಸಾಯಲ್ಲ. ಕೊನೇ ಅಧ್ಯಾಯದಲ್ಲಿ ಎರಡನೇ ಮದುವೆ ಆಗ್ತಾಳೆ."

ಅದು ಅಚ್ಚಾಯಿತು. ನನ್ನ ಮಾತು ಅಚ್ಚಾದದ್ದು ಅದೇ ಮೊದಲು, ಚೆನ್ನಾಗಿಯೇ ಕಾಣುತ್ತಿತ್ತು.

ಸೊಸೆ ಪತ್ರಿಕೆಯನ್ನು ನನ್ನ ಮುಂದೆ ಹಿಡಿದಳು. "ಯಾರು ಅತ್ತೆ ಇದನ್ನ ಹೇಳಿದ್ದು?"

"ಪಾತ್ರ," ಎಂದೆ.

ಮಗ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಅಮ್ಮ, ನಿಜ ಹೇಳು. ಯಾರನ್ನ ಮದುವೆ ಆಗ್ತಿರೋದು? ಆ ದರ್ಜಿನಾ?"

"ನನಗೇನು ಗೊತ್ತು? ನಿನ್ನ ಹೆಂಡತೀನ ಕೇಳು."

ಅವಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ನನ್ನ ಮುಂದೆ ಇಡುವ ಸದ್ದಿನಲ್ಲೇ ಬೈಗುಳವೆಲ್ಲ ಇರುತ್ತಿತ್ತು. ಆದರೆ ಕತ್ತರಿ ಫೋನ್ ಮಾಡಿ ಕುಣಿದಾಡಿದರಂತೆ. ಪುಸ್ತಕದ ಅಂಗಡಿಗಳಿಂದ ಈಗಲೇ ವಿಚಾರಿಸುತ್ತಿದ್ದಾರಂತೆ, ಮುದುಕಿಯನ್ನು ಯಾವ ಕಾರಣಕ್ಕೂ ಮುಟ್ಟಬಾರದಂತೆ. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಕೇಳಿಬಂದಂಥ ಟಕಟಕ ನಾನು ಈ ಮನೆಯಲ್ಲಿ ಹಿಂದೆಂದೂ ಕೇಳಿದ್ದಲ್ಲ; ಕೀಲಿಗಳನ್ನು ಕುಟ್ಟುತ್ತಿದ್ದಾಳೋ ನನ್ನನ್ನು ಕುಟ್ಟುತ್ತಿದ್ದಾಳೋ ತಿಳಿಯದು. ಭಾನುವಾರದ ಓದು ನಿಂತುಹೋಯಿತು. ನಾವು ಆಲೂಗಡ್ಡೆಯನ್ನು ಕಥೆಯಿಲ್ಲದೆ ಸುಲಿದೆವು. ಡಾಕ್ಟರು ಏನು ಹೇಳಿದರೋ, ಹತ್ತನೇ ಅಧ್ಯಾಯದಲ್ಲಿ ಏನಾಯಿತೋ, ಕೇಳುವ ಧೈರ್ಯ ನನಗಿರಲಿಲ್ಲ.

ಮಳೆ ಬಿಟ್ಟಿತು. ಒಂದು ಬೆಳಿಗ್ಗೆ ಸೊಸೆ ಪ್ರೂಫಿನ ಕಟ್ಟನ್ನು ನನ್ನ ಮಂಚದ ಮೇಲೆ ಇಟ್ಟು, "ತಪ್ಪಿದ್ರೆ ಗುರುತು ಹಾಕಿ," ಎಂದಷ್ಟೇ ಹೇಳಿ ಹೋದಳು.

ನಾನು ಬೆರಳಿಟ್ಟುಕೊಂಡು ಓದುವವಳು, ನಿಧಾನ. ಆದರೂ ಎದೆ ಗಟ್ಟಿ ಮಾಡಿಕೊಂಡು ಹತ್ತನೇ ಅಧ್ಯಾಯವನ್ನೇ ಮೊದಲು ತೆಗೆದೆ. ಅತ್ತೆ ಡಾಕ್ಟರ ಔಷಧಿಯನ್ನು ಹೂಕುಂಡಕ್ಕೆ ಸುರಿದು ಎದ್ದು ಕೂತಿದ್ದಳು. ಪುಟ ತಿರುಗಿಸಿದೆ. ಬದುಕಿದ್ದಳು. ಪತ್ರಿಕೆಯವರಿಗೆ ಸುಳ್ಳು ಹೇಳಿದಳು, ಪ್ರಕಾಶಕರ ಚಹಾಕ್ಕೆ ಉಪ್ಪು ಹಾಕಿದಳು (ಇದು ನನಗೆ ಹೊಳೆದಿರಲಿಲ್ಲ), ಮದುವೆಗೆ ಒಪ್ಪಿದಳು, ಮದುವೆಯ ದಿನ ಬೇಡವೆಂದು ಎದ್ದು ಬಂದಳು. ಕೊನೆಯ ಪುಟದಲ್ಲಿ ತನ್ನ ಕೋಣೆಯ ಕಿಟಕಿಯ ಹತ್ತಿರ ಸೊಸೆಯ ಜೊತೆ ಕೂತು ಚಹಾ ಚೆನ್ನಾಗಿಲ್ಲವೆಂದು ಬೈಯುತ್ತಿದ್ದಳು. ಬೆಳಕು ಬೇಕಾದಷ್ಟಿತ್ತು. ನನ್ನ ಕನ್ನಡಕ ಮಸುಕಾಯಿತು.

ಆಮೇಲೆ ಒಂದು ಅನುಮಾನ ಬಂತು. ಆ ಕೊನೆಯ ಪುಟದಲ್ಲಿ ಮನೆಯಲ್ಲಿ ಇಬ್ಬರೇ ಇದ್ದರಲ್ಲ?

ಹಿಂದಕ್ಕೆ ಹುಡುಕುವ ಮೊದಲೇ ಪಕ್ಕದ ಕೋಣೆಯಿಂದ ಮಗ ಬಂದ. ಇನ್ನೊಂದು ಪ್ರತಿ ಅವನ ಕೈಯಲ್ಲಿತ್ತು. ಸೊಸೆಯ ಪುಸ್ತಕವನ್ನು ಅವನು ಎಚ್ಚರವಾಗಿದ್ದು ಓದಿದ್ದು ಅದೇ ಮೊದಲು.

"ಲೇ, ನಾನು ಸತ್ತಿದೀನಾ?"

"ನೀವಲ್ಲ ರೀ. ಪಾತ್ರ," ಎಂದಳು ಸೊಸೆ ಅಡುಗೆಮನೆಯಿಂದ.

"ಲಿಫ್ಟ್ ಒಳಗೆ? ನಾನೇ ರಿಪೇರಿ ಮಾಡಿದ್ ಲಿಫ್ಟ್ ಒಳಗೆ?"

"ಯಾರಾದ್ರೂ ಸಾಯ್ಲೇಬೇಕಿತ್ತು. ಅತ್ತೆ ಕೈಗೆ ಸಿಗ್ಲಿಲ್ಲ." ಬಾಗಿಲಿಗೆ ಬಂದು ನನ್ನನ್ನು ನೋಡಿದಳು. "ಅವರನ್ನ ಕೊಂದಿದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ಚಹಾ ತಣ್ಣಗಿದೆ ಎಂದೆ.

ಈಗ ಮತ್ತೆ ಚಳಿ ಬಂದಿದೆ. ಸೊಸೆ ಗೋಡೆ ನೋಡುತ್ತಿದ್ದಾಳೆ. ನಿನ್ನೆ ಮಗ ತಾನೇ ಪಾತ್ರೆ ತೊಳೆದ. ಸೀದ ಸಾರನ್ನು ಎರಡನೇ ಸಲ ಹಾಕಿಸಿಕೊಂಡು, "ಎಷ್ಟು ರುಚಿಯಾಗಿದೆ," ಎಂದು ನಕ್ಕ. ಪಾಪ, ಎಷ್ಟು ಒಳ್ಳೆಯವನಾಗಿದ್ದಾನೆ. ಒಳ್ಳೆಯವರನ್ನೇ ಅವಳು ಮೊದಲು ಕೊಲ್ಲುವುದು, ಬೇಡ ಕಣೋ ಎಂದು ಹೇಳಬೇಕು, ಹೆತ್ತವಳು ನಾನು. ಬಾಯಿವರೆಗೆ ಬಂದಿತ್ತು. ಆದರೆ ಅವಳು ಇನ್ನೂ ಪರದೆ ಒಗೆದಿಲ್ಲ, ಈ ಸಲ ಯಾರ ಸರದಿಯೋ. ಆಲೂಗಡ್ಡೆ ಸುಲಿಯುತ್ತಾ ಸುಮ್ಮನಿದ್ದೇನೆ.