ಪರಶುರಾಮನ ಪಾಲಿನ ಕೊಬ್ಬರಿ ಬೆಲ್ಲ

ಸೊಕ್ಕೆ ಹಳ್ಳಿಯ ಗೋಣೆಪ್ಪನ ಹಿಟ್ಟಿನ ಗಿರಣಿಯಲ್ಲಿ ಜೋಳ, ರಾಗಿಯ ಜೊತೆಗೆ ಊರಿನ ಸುದ್ದಿಯೂ ನುಣ್ಣಗೆ ಬೀಸಿ ಹೊರಬರುತ್ತದೆ. ಗೋಣೆಪ್ಪ ಬಾಯಿ ಬಿಟ್ಟರೆ ನಗೆ. ಚೀಲ ಹೊತ್ತು ಬಂದವರು ಅವನ ಮಾತು ಕೇಳಿ ಸೊಂಟ ನೋವು ಮರೆಯುತ್ತಾರೆ. ಮನಸ್ಸು ಬೆಣ್ಣೆ, ನಾಲಿಗೆಗೆ ಮಾತ್ರ ಬೀಗವಿಲ್ಲ.

ಮಗ ಪರಶುರಾಮ ಒಂಬತ್ತನೇ ಕ್ಲಾಸು. ಶಾಲೆ ಬಿಟ್ಟ ಕೂಡಲೇ ಗಿರಣಿಗೆ ಬಂದು, ಡಬ್ಬಗಳನ್ನು ಸಾಲಾಗಿ ಇಟ್ಟು, "ಯಾರ ಪಾಳಿ?" ಎಂದು ಕೂಗುವುದು ಅವನ ಕೆಲಸ. ಮೋಟಾರಿನ ಸದ್ದನ್ನೂ ಸೀಳಿಕೊಂಡು ಬರುವ ಧ್ವನಿ. ಅಪ್ಪನಿಗೆ ಅದೇ ಒಂದು ಹೆಮ್ಮೆ.

ಈ ವರ್ಷ ಆ ಧ್ವನಿ ಕೈಕೊಟ್ಟಿತು. "ಯಾರ" ಅನ್ನುವಾಗ ದಪ್ಪ, "ಪಾಳಿ" ಅನ್ನುವಾಗ ಕೀರಲು. ಮುಖದ ತುಂಬ ಮೊಡವೆ, ಮೂಗಿನ ಕೆಳಗೆ ಚಿಗುರು ಮೀಸೆ. ಹುಡುಗ ಮಾತು ಕಡಿಮೆ ಮಾಡಿದ. ಹಿಟ್ಟಿನ ಧೂಳು ಎಂದು ನೆಪ ಹೇಳಿ ಬಾಯಿಗೆ ಟವೆಲ್ ಕಟ್ಟಿಕೊಳ್ಳತೊಡಗಿದ.

ಒಂದು ಸಂಜೆ ಗಿರಣಿ ತುಂಬ ಹೆಂಗಸರು. ಗೋಣೆಪ್ಪನಿಗೆ ಹುಮ್ಮಸ್ಸು ಬಂತು. ಮಗನ ಟವೆಲ್ ಎಳೆದವನೇ, ಬೆರಳ ತುದಿಯಲ್ಲಿ ಹಿಟ್ಟು ತೆಗೆದು ಅವನ ತುಟಿಯ ಮೇಲೆ ಮೀಸೆ ಬರೆದ.

"ನೋಡ್ರವ್ವಾ, ನಮ್ಮ ಮನೆ ಕೋಳಿಮರಿ ಹುಂಜ ಆಗೈತೆ! ಕೂಗಾಕೆ ಕಲಿತಾ ಐತೆ!"

ಗಿರಣಿಗೆ ಗಿರಣಿಯೇ ನಕ್ಕಿತು. ತನ್ನವ್ವನ ಜೊತೆ ಬಂದಿದ್ದ ಅವನ ಕ್ಲಾಸಿನ ಹುಡುಗಿಯೂ ನಕ್ಕಳು. ಪರಶುರಾಮ ತುಟಿ ಒರೆಸಿಕೊಂಡು ಹೊರಗೆ ನಡೆದ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೋಣೆಪ್ಪನಿಗೆ ಅವನು ಹೋದದ್ದೇ ಗೊತ್ತಾಗಲಿಲ್ಲ.

ಮರುದಿನ ಶಾಲೆಯಲ್ಲಿ ಹುಡುಗರೆಲ್ಲ ಅವನನ್ನು "ಹುಂಜ" ಎಂದು ಕರೆದರು. ಅದರ ಮರುದಿನದಿಂದ ಅವನು ಶಾಲೆಗೇ ಹೋಗಲಿಲ್ಲ. ಎಂಟು ದಿನವಾಯಿತು. ಅಪ್ಪನ ಜೊತೆ ಒಂದು ಮಾತಿಲ್ಲ. ಕೊನೆಗೆ ಅವ್ವ ಲಕ್ಷ್ಮಕ್ಕನಿಗೆ ಇಷ್ಟು ಹೇಳಿದ: "ಸೋಮವಾರ ಬೋರ್ ಕೊರೆಯೋ ಲಾರಿ ಬರ್ತೈತೆ. ಅದರ ಜೊತೆ ಕೆಲಸಕ್ಕೆ ಹೋಗ್ತೀನಿ. ನನಗೆ ಶಾಲೆ ಬ್ಯಾಡ." ಬ್ಯಾಗಿನಿಂದ ಪುಸ್ತಕ ತೆಗೆದು ಬಟ್ಟೆ ತುಂಬಿದ್ದನ್ನು ಕಂಡು ಆ ತಾಯಿಗೆ ಅನ್ನ ಇಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಊರಿನ ಆಶಾ ಕಾರ್ಯಕರ್ತೆ ಅರುಣಾ ಜೋಳದ ಡಬ್ಬ ಹಿಡಿದು ಗಿರಣಿಗೆ ಬಂದಳು. ಮೋಟಾರು ಶುರುವಾಗುವಷ್ಟರಲ್ಲಿ ಕರೆಂಟು ಹೋಯಿತು. ಗಿರಣಿಯಲ್ಲಿ ಇಬ್ಬರೇ.

"ಪರಶು ಎಲ್ಲಿ ಗೋಣೆಪ್ಪಣ್ಣ? ಸುಮಾರು ದಿನ ಆತು, ಕಂಡಿಲ್ಲ."

"ಅವನ ಸುದ್ದಿ ಎತ್ತಬ್ಯಾಡ ಕಣವ್ವ. ಕೊಬ್ಬು ಬಂದೈತೆ. ಮಾತಾಡ್ಸಿದ್ರೆ ಮುಖ ತಿರುವ್ತಾನೆ. ಲಾರಿ ಹತ್ತುತಾನಂತೆ ಲಾರಿ! ಎರಡು ಬಿಟ್ರೆ ಎಲ್ಲಾ ಸರಿಹೋಗ್ತೈತೆ."

"ಹೊಡೆದ್ರೆ ಲಾರಿ ಇನ್ನೂ ಬೇಗ ಹತ್ತುತಾನೆ, ಅಷ್ಟೆ. ಅವನಿಗೆ ಬಂದಿರೋದು ಕೊಬ್ಬಲ್ಲಣ್ಣ, ವಯಸ್ಸು. ಈ ವಯಸ್ಸಿನಾಗೆ ಗಂಟ್ಲು ಒಡೀತೈತೆ, ಮೊಡವೆ ಬರ್ತಾವೆ, ಮೈ ದಿಢೀರಂತ ಬೆಳೀತೈತೆ. ಮೈ ಜೊತೆಗೆ ಮನಸ್ಸೂ ಬದಲಾಗ್ತೈತೆ. ಸುಮ್ಸುಮ್ನೆ ಸಿಟ್ಟು, ಸುಮ್ಸುಮ್ನೆ ಅಳು. ಎಲ್ರೂ ನನ್ನೇ ನೋಡಿ ನಗ್ತಾರೆ ಅಂತ ಸಂಕಟ."

"ಇದನ್ನೆಲ್ಲ ಗಂಡು ಹುಡುಗ್ರಿಗೆ ಕೂರಿಸ್ಕಂಡು ಹೇಳ್ಬೇಕೇನವ್ವ? ನಾವು ಬೆಳೀಲಿಲ್ವಾ?"

ಹಿಟ್ಟಿನ ಮೀಸೆಯ ಸುದ್ದಿ ಅರುಣಾಳ ಕಿವಿಗೂ ಬಿದ್ದಿತ್ತು. ಅವಳು ಚೀಲದ ಮೇಲೆ ಕುಳಿತಳು. "ಹೋದ ವರ್ಷ ನಿಮ್ಮ ಮಗಳು ಚೈತ್ರಶ್ರೀ ದೊಡ್ಡೋಳಾದಾಗ ಏನ್ ಮಾಡಿದ್ರಿ?"

"ಮಾಡದೇನು? ಹಸಿರು ಸೊಪ್ಪಿನ ಗುಡ್ಲು ಹಾಕಿ ಕೂರಿಸಿದ್ವಿ. ಆರತಿ ಎತ್ತಿದ್ವಿ. ಊರಿಗೆಲ್ಲ ಕೊಬ್ಬರಿ ಬೆಲ್ಲ ಹಂಚಿದ್ವಿ. ನೀನೂ ತಿಂದಿದ್ದೀಯಲ್ಲವ್ವ."

"ತಿಂದೀನಿ. ಹೆಂಗಿರ್ಬೇಕು, ಏನು ಉಣ್ಬೇಕು ಅಂತ ನಾಕು ಜನ ಹೆಂಗಸ್ರು ಅವಳಿಗೆ ಹೇಳಿದ್ರು. ಈ ವರ್ಷ ಪರಶು ದೊಡ್ಡೋನಾದ. ತಂಗಿ ಬಾಯಿಗೆ ಬೆಲ್ಲ ಇಟ್ರಿ. ಇವನ ಬಾಯಿಗೆ ಏನು ಬಳಿದ್ರಿ ಅಣ್ಣ?"

ಗೋಣೆಪ್ಪನ ಕಣ್ಣು ಹಿಟ್ಟಿನ ಬಾನಿಯ ಮೇಲೆ ಹೋಯಿತು.

ಅವನಿಗೆ ತನ್ನ ಹದಿನಾಲ್ಕನೇ ವಯಸ್ಸು ನೆನಪಾಯಿತು. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಿದ್ದ. ಊರೆಲ್ಲ "ಒಂಟೆ" ಎಂದು ಕರೆದಿತ್ತು. ಅವನೂ ಅವರ ಜೊತೆ ನಗುತ್ತಿದ್ದ. ಆದರೆ ಗಿಡ್ಡ ಕಾಣಲೆಂದು ಬೆನ್ನು ಬಗ್ಗಿಸಿ ನಡೆದದ್ದು ಅಭ್ಯಾಸವಾಗಿ ಹೋಯಿತು. ಈಗ ನಲವತ್ತೈದು ತುಂಬಿದೆ, ಇನ್ನೂ ಬಗ್ಗಿಯೇ ನಡೆಯುತ್ತಾನೆ.

"ಅರುಣವ್ವ, ಡಬ್ಬ ಇಲ್ಲೇ ಇರ್ಲಿ. ಕರೆಂಟು ಬಂದಾಗ ಬೀಸಿ ಇಟ್ಟಿರ್ತೀನಿ" ಎಂದವನೇ ಗೋಣೆಪ್ಪ ಗಿರಣಿಗೆ ಬೀಗ ಹಾಕಿದ.

ಪರಶುರಾಮ ನೀರಿನ ಟ್ಯಾಂಕಿನ ಹಿಂದೆ ಒಬ್ಬನೇ ಕುಳಿತಿದ್ದ. ಅಪ್ಪನನ್ನು ಕಂಡು ಏಳಲು ಹೋದ.

"ಕುಂತ್ಕಳಪ್ಪ. ಹೊಡಿಯಾಕೆ ಬಂದಿಲ್ಲ." ಗೋಣೆಪ್ಪ ಪಕ್ಕದಲ್ಲಿ ಕುಳಿತ. ಊರನ್ನೆಲ್ಲ ನಗಿಸುವವನಿಗೆ ಹೆತ್ತ ಮಗನ ಹತ್ತಿರ ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ, "ನಾನು ಯಾಕೆ ಬಗ್ಗಿ ನಡೀತೀನಿ ಗೊತ್ತೇನೋ?" ಎಂದು ಕೇಳಿ ಒಂಟೆಯ ಕಥೆಯನ್ನು ಹೇಳಿದ. ಹೆಂಡತಿಗೂ ಹೇಳದ ಕಥೆ ಅದು.

"ಆವಾಗ ನನಗಾದ ನೋವೇ ಮರೆತು ನಿನಗೆ ನೋವು ಮಾಡ್ದೆ. ತಪ್ಪಾತು ಕಣೋ ಮಗನೇ."

ಹುಡುಗ ಅಪ್ಪನ ಕಡೆ ತಿರುಗಿದ. "ಅಪ್ಪ... ನನ್ನ ಮೈಯಾಗೆ ಏನೇನೋ ಆಗ್ತೈತೆ. ಏನೋ ರೋಗ ಬಂದೈತೆ ಅನ್ಕಂಡಿದ್ದೆ. ಯಾರನ್ನ ಕೇಳ್ಲಿ?"

ಹೇಳುತ್ತ ಹೇಳುತ್ತ ಅವನ ಧ್ವನಿ ಎರಡು ಸಲ ಒಡೆಯಿತು. ಗೋಣೆಪ್ಪ ನಗಲಿಲ್ಲ. ಮಗನ ಹೆಗಲ ಮೇಲೆ ಕೈ ಹಾಕಿದ. "ಅಳು ಬಂದ್ರೆ ಅತ್ಬಿಡು. ಗಂಡಸಿಗೂ ಕಣ್ಣೀರು ಇರ್ತಾವೆ" ಎಂದ. ಅಪ್ಪ, ಮಗ ಇಬ್ಬರೂ ಅತ್ತರು.

ಸೋಮವಾರ ಬೋರಿನ ಲಾರಿ ಬಂತು, ಹೋಯಿತು. ಪರಶುರಾಮ ಅಪ್ಪನ ಬೈಕಿನ ಹಿಂದೆ ಕುಳಿತು ಜಗಳೂರಿನ ತಾಲ್ಲೂಕು ಆಸ್ಪತ್ರೆಗೆ ಹೋದ. ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ ಎಂದು ಅರುಣಾ ಹೇಳಿದ್ದಳು. ಅಲ್ಲಿನ ಆಪ್ತಸಮಾಲೋಚಕರು, "ನೀವು ಹೊರಗೆ ಕೂತಿರಿ, ಹುಡುಗನ ಹತ್ತಿರ ನಾನೊಬ್ಬನೇ ಮಾತಾಡ್ತೀನಿ" ಎಂದರು. ಗೋಣೆಪ್ಪ ಅರ್ಧ ಗಂಟೆ ಬಾಯಿ ಮುಚ್ಚಿ ಕುಳಿತ. ಅವನ ಜನ್ಮದಲ್ಲಿ ಅದೇ ಮೊದಲು.

ಹೊರಗೆ ಬಂದ ಹುಡುಗನ ಮುಖ ಹಗುರಾಗಿತ್ತು. "ಎಲ್ಲಾ ಸರಿಯಾಗೇ ಐತಂತೆ ಅಪ್ಪ. ಎಲ್ಲಾ ಹುಡುಗ್ರಿಗೂ ಹಿಂಗೇ ಆಗ್ತೈತಂತೆ, ಒಬ್ರಿಗೆ ಮೊದ್ಲು, ಒಬ್ರಿಗೆ ಆಮೇಲೆ. ದಿನಾ ಮುಖ ತೊಳ್ಕೋ, ಮೊಡವೆ ಚಿವುಟಬ್ಯಾಡ ಅಂದ್ರು. ಮನಸ್ಸಿಗೆ ಬ್ಯಾಸರ ಆದ್ರೆ ಮುಚ್ಚಿಡಬ್ಯಾಡ ಅಂದ್ರು."

ಗೋಣೆಪ್ಪನಿಗೆ ಹುಮ್ಮಸ್ಸು ಮತ್ತೆ ಬಂತು. ಮನೆಗೆ ಬಂದವನೇ, "ಲಕ್ಷ್ಮೀ, ನಾಕು ಸೇರು ಕೊಬ್ಬರಿ ಕುಟ್ಟು! ಮಗ ದೊಡ್ಡೋನಾದ ಅಂತ ಗಿರಣಿಗೆ ಬಂದೋರಿಗೆಲ್ಲ ಹಂಚ್ತೀನಿ" ಎಂದ.

"ಬ್ಯಾಡಪ್ಪೋ! ಊರಿಗೆಲ್ಲ ಯಾಕೆ ಸಾರ್ತೀಯ? ನಮ್ಮ ಮನೆಯೊಳಗೇ ಸಾಕು" ಎಂದು ಪರಶುರಾಮ ಅಂಗಲಾಚಿದ.

ಮೂಲೆಯಲ್ಲಿ ಓದುತ್ತಿದ್ದ ಚೈತ್ರಶ್ರೀ ತಲೆ ಎತ್ತಿದಳು. "ಹೋದ ವರ್ಷ ಊರಿಗೆಲ್ಲ ಹಂಚಿದಾಗ ನನ್ನನ್ನ ಯಾರಾದ್ರೂ ಕೇಳಿದ್ರಾ?"

ಗೋಣೆಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. "ಆತು ತಾಯಿ. ಇನ್ನು ಮೇಲೆ ನಿಮ್ಮಿಬ್ರನ್ನೂ ಕೇಳೇ ಬಾಯಿ ಬಿಡ್ತೀನಿ." ಲಕ್ಷ್ಮಕ್ಕ ಒಂದೇ ಬಟ್ಟಲು ಕೊಬ್ಬರಿ ಬೆಲ್ಲ ಮಾಡಿದಳು. ಮೊದಲ ತುತ್ತನ್ನು ಅಪ್ಪನೇ ಮಗನ ಬಾಯಿಗೆ ಇಟ್ಟ.

ಮರುದಿನ ಪರಶುರಾಮ ಶಾಲೆಗೆ ಹೋದ. ಗೋಣೆಪ್ಪ ಮೊದಲೇ ಮೇಷ್ಟ್ರ ಹತ್ತಿರ ಮಾತಾಡಿದ್ದರಿಂದ, ಅರುಣಾ ಆ ವಾರವೇ ಶಾಲೆಗೆ ಬಂದು ಹುಡುಗರಿಗೆಲ್ಲ ಈ ವಿಷಯ ತಿಳಿಸಿದಳು. ಅತಿ ಜೋರಾಗಿ "ಹುಂಜ" ಎಂದಿದ್ದವನೇ ಅತಿ ಹೆಚ್ಚು ಪ್ರಶ್ನೆ ಕೇಳಿದ.

ಅವತ್ತು ಸಂಜೆ ಗಿರಣಿಯಲ್ಲಿ ಪರಶುರಾಮ ಬಾಯಿಗೆ ಟವೆಲ್ ಕಟ್ಟಿಕೊಳ್ಳದೆ ಕೂಗಿದ. "ಯಾರ ಪಾಳಿ?"

ಧ್ವನಿ ನಡುವೆಯೇ ಒಡೆಯಿತು. ಯಾರೋ ಕಿಸಕ್ಕೆಂದರು. ಎಲ್ಲರ ಕಣ್ಣೂ ಗೋಣೆಪ್ಪನ ಕಡೆ ತಿರುಗಿದವು, ಈಗೊಂದು ನಗೆಮಾತು ಬರುತ್ತದೆ ಎಂದು. ಗೋಣೆಪ್ಪ ನೆಟ್ಟಗೆ ನಿಂತು ಹೇಳಿದ: "ಪಾಳಿ ಯಾರ್ದು ಅಂತ ನನ್ನ ಮಗ ಕೇಳ್ತಾ ಅವ್ನೆ. ಹೇಳ್ರವ್ವ."

ಹುಡುಗ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದ.

ಅಪ್ಪಂದಿರೇ, ಅವ್ವಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಪರಶುರಾಮ ಇರಬಹುದು. ಅವನು ಮುಖ ತಿರುಗಿಸಿದರೆ ಕೊಬ್ಬು ಎನ್ನಬೇಡಿ, ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಮೈ ಬದಲಾಗುವುದು ರೋಗವಲ್ಲ ಎಂದು ನೀವೇ ಮೊದಲು ಹೇಳಿ. ಹೇಳಲು ನಾಚಿಕೆಯಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಸ್ನೇಹ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕಾಸು ಖರ್ಚಿಲ್ಲ. ನಗುವುದಾದರೆ ಅವನೂ ನಗುವಾಗ ನಗಿ. ಇವತ್ತು ಸಂಜೆ ಮಗ ಮನೆಗೆ ಬಂದಾಗ ಒಂದು ಚೂರು ಬೆಲ್ಲ ಕೊಟ್ಟು, "ಹೆಂಗಿದ್ದೀಯಪ್ಪ?" ಎಂದು ಕೇಳಿ. ಕೇಳಿದ ಮೇಲೆ, ಅವನು ಹೇಳಿ ಮುಗಿಸುವವರೆಗೂ ಸುಮ್ಮನಿರಿ.