ಹಳ್ಳದ ದಂಡೆಯ ಬೇರು

ಬಸಕ್ಕ ತೀರಿಕೊಂಡ ಅಣ್ಣ ಭರಮಪ್ಪನ ಬಿಗಿದ ಬೆರಳುಗಳನ್ನು ಬಿಡಿಸಿ ಅಂಗೈಯಲ್ಲಿ ವೀಳ್ಯದೆಲೆ ಇಡುತ್ತಿದ್ದಾಗ ಹೊರಗೆ ಮತ್ತೊಂದು ಟ್ರ್ಯಾಕ್ಟರ್ ಬಂದು ನಿಂತಿತು. ಮೊರಬದ ಮಂದಿ. ಭರಮಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿದ್ದರು. ಬಂದವರು ಅವನ ಕಾಲು ಮುಟ್ಟಿದರು, ಆಮೇಲೆ ಬಸಕ್ಕನಿಗೂ ಕೈಮುಗಿದರು. ಆಕೆ ನಾಚಿ ಮುಖ ತಗ್ಗಿಸಿದಳು.

ಭರಮಪ್ಪನದು ಶಲವಡಿಯ ಕುರಿ ಕಾಯುವ ಮನೆತನ. ಆದರೆ ಸುತ್ತಲಿನ ಹಳ್ಳಿಗಳಿಗೆ ಅವನು ಮೂರ್ಛೆರೋಗಕ್ಕೆ ಬೇರು ಕೊಡುವವನು. ಹಳ್ಳದ ದಂಡೆಯ ಆ ಗಿಡದ ಹೆಸರನ್ನು ಹೊರಗಿನವರ ಮುಂದೆ ಹೇಳುವಂತಿರಲಿಲ್ಲ. ಅದೇ ರೋಗ ಬಂದು ವಾಸಿಯಾದ, ಮದುವೆಯಾಗದ ಹೆಣ್ಣೇ ಅಮಾವಾಸ್ಯೆಯ ಮುಂಜಾನೆ ಬೇರು ಕೀಳಬೇಕು ಎಂಬುದು ಅವನ ನೇಮ. ಕೀಳುತ್ತಿದ್ದವಳು ತಂಗಿ ಬಸಕ್ಕ. ಪುಡಿ ಮಾತ್ರ ಅವನೇ, ದೇವರ ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ.

ಮೊರಬದ ಜಮೀಲಾಬಿ ಗೋಡೆಯ ಬದಿಗೆ ಕುಳಿತು ತನ್ನ ಮಗನ ಕತೆ ಹೇಳುತ್ತಿದ್ದಳು. ಅವನು ಒಲೆಯೊಳಗೆ ಬಿದ್ದು ಮುಖ ಸುಟ್ಟುಕೊಂಡದ್ದು, ಈ ಮನೆಯ ಪುಡಿ ತಿಂದ ಮೇಲೆ ಒಮ್ಮೆಯೂ ಬೀಳದ್ದು. ನೆರೆಮನೆಯ ಮುದುಕ ಮಾಳಪ್ಪ ಕಣ್ಣೊರೆಸಿಕೊಂಡವನು ಹಾಗೆಯೇ ನಕ್ಕ.

"ಇಲಿ ಸಾಹೇಬ್ರು ಬಂದಿದ್ರಲ್ಲ, ನೆನಪೈತೇನ ಬಸಕ್ಕ?"

•

ವರ್ಷಗಳ ಹಿಂದೆ ಧಾರವಾಡದ ಕಾಲೇಜಿನವರೊಬ್ಬರು ಬಂದು, ಭರಮಪ್ಪ ಕೊಟ್ಟ ಹಸಿ ಬೇರನ್ನು ಒಯ್ದಿದ್ದರು. ಬೇಸಿಗೆ ಕಳೆದು ತಿರುಗಿ ಬಂದವರು, ಅದರ ರಸವನ್ನು ಇಲಿಗಳಿಗೆ ಕುಡಿಸಿ, ಆಮೇಲೆ ಅವಕ್ಕೆ ಮೂರ್ಛೆ ಬರಿಸಿ ನೋಡಿದೆವು ಎಂದರು. ಕುಡಿದ ಇಲಿಯೂ ಕುಡಿಯದ ಇಲಿಯೂ ಒಂದೇ ರೀತಿ ಒದ್ದಾಡಿದವಂತೆ. ಮನೆಯಲ್ಲಿ ಮಾಡಿದ ಪುಡಿಯನ್ನೇ ಒಂದು ಚಿಟಿಕೆ ಕೊಟ್ಟರೆ ಅದನ್ನೂ ಪರೀಕ್ಷಿಸುತ್ತೇವೆ ಎಂದು ಕೇಳಿದರು. ಭರಮಪ್ಪ ಕೊಡಲಿಲ್ಲ.

"ಇಲಿಗೆ ಎಲ್ಲೀ ಭಕ್ತಿರಿ, ಸಾಹೇಬ್ರ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಾಗಿಲ ಮರೆಯಲ್ಲಿದ್ದ ಬಸಕ್ಕನೂ ನಕ್ಕಳು. ಭರಮಪ್ಪ ಆಕೆಯನ್ನು ಕರೆದು ಅವರ ಮುಂದೆ ನಿಲ್ಲಿಸಿದ. ಸಾಲೆಯಲ್ಲಿ ಬಿದ್ದು ಒದ್ದಾಡುತ್ತಿದ್ದ ಹುಡುಗಿ, ಅದಕ್ಕೇ ಸಾಲೆ ಬಿಟ್ಟವಳು, ಈಗ ಹೇಗಿದ್ದಾಳೆ ನೋಡಿರೆಂದ. ಅವರು ಬಹಳ ಹೊತ್ತು ಆಕೆಯನ್ನೇ ನೋಡಿ, ಬಸ್ಸಿಗೆ ಹೋದರು.

ಆ ದೀಪಾವಳಿಯ ನಂತರ ತಂಬೂರದ ಮಲಕಪ್ಪ ಆಕೆಯನ್ನು ಮದುವೆಗೆ ಕೇಳಿಕೊಂಡು ಬಂದ. ಅವನ ಹೆಂಡತಿ ತೀರಿಕೊಂಡಿದ್ದಳು. ರೋಗದ ಸಂಗತಿ ಗೊತ್ತಿದ್ದೇ ಬಂದಿದ್ದ. ಚಹಾ ಕುಡಿದು ಬಟ್ಟಲನ್ನು ತಾನೇ ತೊಳೆದಿಟ್ಟ. ಅದು ಬಸಕ್ಕನಿಗೆ ಹಿಡಿಸಿತು.

ಭರಮಪ್ಪ ಬೇಡ ಎನ್ನಲಿಲ್ಲ. ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದ: "ನೀ ಹೋದ್ರ ಬೇರಿನ ಗುಣ ಹೋಗತೈತಿ, ತಂಗಿ. ಅಷ್ಟು ಮಕ್ಕಳು ಮತ್ತ ಬೀಳತಾವ. ನೀನೂ ಬೀಳತಿ. ನೋಡವಾ, ನಿನ್ನ ಖುಷಿ."

ಬಸಕ್ಕ ತಾನೇ ಹೋಗಿ ಮಲಕಪ್ಪನಿಗೆ ಆಗುವುದಿಲ್ಲ ಎಂದಳು.

•

ಹೆಣ ಒಯ್ಯುವ ಸಿದಿಗೆ ಕಟ್ಟುವ ಹೊತ್ತಿಗೆ ಅಣ್ಣಿಗೇರಿಯ ಔಷಧದ ಅಂಗಡಿಯ ಲಕ್ಷ್ಮಪ್ಪ ಬಂದ. ಹೆಣಕ್ಕೆ ಕೈಮುಗಿದು, ನಳದ ಕೆಳಗೆ ಕೊಡ ಇಟ್ಟು ನಿಂತಿದ್ದ ಬಸಕ್ಕನ ಬಳಿ ಹಿತ್ತಲಿಗೆ ಬಂದು, ಚೀಲದಿಂದ ಒಂದು ಪೊಟ್ಟಣ ತೆಗೆದ.

"ಈ ಸಲದ್ದು ತಂದೇನ್ರಿ ಅಕ್ಕಾರ. ಇನ್ನ ಮ್ಯಾಲೆ ಯಾರು ಒಯ್ತೀರಿ?"

ಏನು ಎಂದು ಬಸಕ್ಕ ಕೇಳಿದಳು.

"ಗುಳಿಗಿರಿ. ಫಿಟ್ಸಿನವು. ಅಣ್ಣಾರು ಪುಡಿಯೊಳಗ ಅರದು ಕೂಡಸ್ತಿದ್ರಲ್ಲ." ಆಕೆಯ ಮುಖ ನೋಡಿ ಅವನ ದನಿ ಇಳಿಯಿತು. "ನಿಮಗ ಗೊತ್ತೈತಿ ಅಂತ ತಿಳದಿದ್ನಿ. ಗುಳಿಗಿ ಮಾತ್ರ ಒಮ್ಮಿಗೇ ಬಿಡಿಸಬ್ಯಾಡ್ರಿ. ಬಿಟ್ರ ಫಿಟ್ಸ್ ಜೋರ ಬರತಾವ, ಜೀವಕ್ಕ ಕುತ್ತು."

ಅವನು ಹೋದ. ಕೊಡ ತುಂಬಿ ನೀರು ಕಲ್ಲಿನ ಮೇಲೆ ಹರಿಯತೊಡಗಿತು. ಭರಮಪ್ಪನ ಹೆಂಡತಿ ಫಕೀರವ್ವ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅತ್ತಿಗಿ, ಮತ್ತ ಬೇರು?"

"ಬರೇ ಕಹಿ." ಫಕೀರವ್ವ ನೆಲ ನೋಡಿದಳು. "ನೀ ಸಣ್ಣಾಕಿದ್ದಾಗ ದವಾಖಾನಿ ಗುಳಿಗಿ ಉಗುಳತಿದ್ದಿ. ಬೇರಿನ ಪುಡಿ ಅಂದ್ರ ನುಂಗತಿದ್ದಿ. ಅದಕ್ಕ ಕೂಡಿಸಿದ. ನಿನಗ ಆರಾಮಾತು. ಮಂದಿ ಬೇರಿಂದ ಅಂದ್ರು. ಅಂವ ಅಲ್ಲ ಅನ್ನಲಿಲ್ಲ."

"ನನ್ನ ಮದುವಿ ಯಾಕ ತಪ್ಪಿಸಿದ?"

ಪಡಸಾಲೆಯಿಂದ ಭಜನೆಯ ತಾಳ ಕೇಳುತ್ತಿತ್ತು. ಫಕೀರವ್ವ ಅತ್ತ ನೋಡಿ ದನಿ ತಗ್ಗಿಸಿದಳು. "ನಿನ್ನ ನೋಡಿ ಮಂದಿ ನಂಬತಿದ್ರು. ನೀ ಹೋದ ಮ್ಯಾಲೆ ಯಾರನ್ನ ತೋರಸ್ತಿದ್ದ?"

ಬಸಕ್ಕ ಪೊಟ್ಟಣ ಬಿಚ್ಚಿದಳು. ಗುಳಿಗೆಗಳು ಸಣ್ಣವು, ಬಿಳಿಯವು. ಯಾವ ಹೆಂಗಸಾದರೂ ಗಂಡನ ಮನೆಯ ಗೂಡಿನಲ್ಲಿ ಇಟ್ಟುಕೊಂಡು ದಿನವೂ ನುಂಗಬಹುದಾದಂಥವು.

"ಮಣ್ಣಾಗೂತನಕ ಬಾಯಿ ಬಿಡಬ್ಯಾಡವಾ," ಎಂದು ಫಕೀರವ್ವ ಆಕೆಯ ಮೊಣಕೈ ಹಿಡಿದಳು. "ಮಾರಿಮ್ಯಾಲೆ ಉಗುಳತಾರ. ಬೇಕಾದ್ರ ನೀನೂ ಹಂಗ ಕೂಡಿಸಿ ಕೊಡು. ಮಂದಿಗೆ ಆರಾಮ ಇದ್ರ ಸಾಕಲ್ಲ."

ಬಸಕ್ಕ ಗುಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆಗೆ ಬಂದಳು, ಫಕೀರವ್ವ ಹಿಂದೆಯೇ ಬಂದಳು. ಅಲ್ಲಿ ಮಾಳಪ್ಪ ಎದ್ದು ನಿಂತು, ಇನ್ನು ಮುಂದೆ ಬೇರು ಕೊಡುವವಳು ಬಸಕ್ಕನೇ, ಯಾರೂ ಹೆದರಬೇಕಾಗಿಲ್ಲ ಎಂದು ಸಾರುತ್ತಿದ್ದ. ಹೆಣ ಎತ್ತುವ ಗಂಡಸರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಜ್ಜಾಗಿದ್ದರು. ಜಮೀಲಾಬಿ ಬಸಕ್ಕನನ್ನು ಕಂಡು ಹತ್ತಿರ ಬಂದಳು. ಮಗನ ಪುಡಿ ನಿನ್ನೆಗೇ ತೀರಿದೆ, ಇಂಥ ದಿನ ಕೇಳಬಾರದು ನಿಜ, ಆದರೂ ಒಂದು ಚಿಟಿಕೆ ಇದ್ದರೆ ಕೊಡು ಎಂದಳು.

ಬಸಕ್ಕ ಗಂಡಸರ ನಡುವೆ ಎಂದೂ ಮಾತಾಡಿದವಳಲ್ಲ. ಅಂಗೈ ತೆರೆದಳು.

"ಇದು ದವಾಖಾನಿ ಗುಳಿಗಿ, ಜಮೀಲಾಬಿ. ನಿನ್ನ ಮಗನ್ನ ಉಳಿಸಿದ್ದು ಇದು. ನನ್ನ ಉಳಿಸಿದ್ದೂ ಇದ. ಅಣ್ಣ ಪುಡಿಯೊಳಗ ಮುಚ್ಚಿ ಕೊಡತಿದ್ದ. ಬೇರಿನಾಗ ಏನೂ ಇಲ್ಲ." ಅಂಗೈಯನ್ನು ಗಂಡಸರ ಕಡೆಗೂ ಚಾಚಿದಳು. "ಗುಳಿಗಿ ಬಿಡಬ್ಯಾಡ್ರಿ. ನಾಳೆ ಎಲ್ಲಾರೂ ಡಾಕ್ಟರ ಕಡೆ ಹೋಗ್ರಿ."

ತಾಳ ನಿಂತಿತು. ಮಾಳಪ್ಪ, ಹುಚ್ಚು ಹಿಡಿದೈತೇನು ಈಕಿಗೆ, ಎಂದು ಗೊಣಗಿ ಫಕೀರವ್ವನ ಕಡೆ ನೋಡಿದ. ಫಕೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಎಲ್ಲರಿಗೂ ತಿಳಿಯಿತು.

ಜಮೀಲಾಬಿ ಒಂದು ಗುಳಿಗೆ ಎತ್ತಿಕೊಂಡು, ಮೂಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿದಳು. ಭರಮಪ್ಪನ ಕಡೆ ತಿರುಗಿ ನೋಡದೆ ಅಂಗಳಕ್ಕೆ ಇಳಿದಳು. ಅಲ್ಲಿ ಸಿದಿಗೆಯ ನಾಲ್ಕು ತುದಿಗಳೂ ನೆಲದ ಮೇಲೆಯೇ ಇದ್ದವು. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ, ಹೆಗಲ ಮೇಲಿನ ಟವೆಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದರು.